ಗಾಜಿನ ಗೋಳದೊಳಗಿನ ಉಸಿರು

ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿ ಆರು ಅಡಿ ಎತ್ತರ, ಎಂಟು ಅಡಿ ಅಗಲದ ಒಂದು ತೈಲವರ್ಣಚಿತ್ರವಿದೆ. ಇಂಗ್ಲೆಂಡಿನ ಡರ್ಬಿ ಪಟ್ಟಣದ ಚಿತ್ರಕಾರ ಜೋಸೆಫ್ ರೈಟ್ 1768ರಲ್ಲಿ ರಚಿಸಿದ ಈ ಕೃತಿಗೆ ‘ವಾಯುರೇಚಕ ಯಂತ್ರದಲ್ಲಿ ಹಕ್ಕಿಯ ಮೇಲೊಂದು ಪ್ರಯೋಗ’ ಎಂಬ ಅರ್ಥದ ಹೆಸರಿದೆ. ರಾತ್ರಿಯ ಹೊತ್ತು, ಅನುಕೂಲಸ್ಥರ ಮನೆಯ ಕೋಣೆ, ಮೇಜಿನ ಮೇಲೆ ಗಾಜಿನ ಪಾತ್ರೆಯೊಂದರ ಹಿಂದೆ ಮರೆಯಾಗಿ ಉರಿಯುವ ಒಂದೇ ಮೇಣದ ಬತ್ತಿ. ಆ ಬೆಳಕಿನಲ್ಲಿ ಹತ್ತು ಮಂದಿ ನೆರೆದಿದ್ದಾರೆ. ಅವರ ತಲೆಗಳಿಗಿಂತ ಎತ್ತರದಲ್ಲಿ ಒಂದು ಗಾಜಿನ ಗೋಳ. ಅದರೊಳಗೆ ಕುಸಿದು ಬಿದ್ದಿರುವ ಬಿಳಿಯ ಕಾಕಟೂ ಹಕ್ಕಿ. ಯಂತ್ರವು ಗೋಳದ ಗಾಳಿಯನ್ನು ಹೊರಗೆಳೆದಿದೆ. ಗೋಳದ ಮೇಲಿನ ಬಿರಡೆಯ ಮೇಲೆ ಪ್ರಯೋಗಕಾರನ ಕೈಯಿದೆ. ಅದನ್ನು ತಿರುಗಿಸಿದರೆ ಗಾಳಿ ಒಳನುಗ್ಗಿ ಹಕ್ಕಿ ಬದುಕೀತು, ತಡಮಾಡಿದರೆ ಸತ್ತೀತು. ಚಿತ್ರವು ಆ ಕ್ಷಣದಲ್ಲಿಯೇ ನಿಂತಿದೆ.

ಕಲಾವಿಮರ್ಶಕರು ಈ ಕೃತಿಯನ್ನು ವಿಜ್ಞಾನಯುಗದ ಉದಯಕ್ಕೆ ಸಾಕ್ಷಿಯೆಂದೂ, ನೆರಳುಬೆಳಕುಗಳ ಸಂಯೋಜನೆಗೆ ಮಾದರಿಯೆಂದೂ ಕೊಂಡಾಡುತ್ತ ಬಂದಿದ್ದಾರೆ. ಆ ಪ್ರಶಂಸೆ ಸಲ್ಲತಕ್ಕದ್ದೇ. ಆದರೆ ಜೈನದರ್ಶನದ ಪರಿಚಯವುಳ್ಳವರಿಗೆ ಈ ಚಿತ್ರದಲ್ಲಿ ಇನ್ನೊಂದು ಅರ್ಥವೂ ಗೋಚರಿಸುತ್ತದೆ. ಐದು ಇಂದ್ರಿಯಗಳು, ಮನ ವಚನ ಕಾಯಗಳೆಂಬ ಮೂರು ಬಲಗಳು, ಆಯುಷ್ಯ ಮತ್ತು ಶ್ವಾಸೋಚ್ಛ್ವಾಸ — ಇವು ಆಗಮಗಳು ಎಣಿಸುವ ಹತ್ತು ಪ್ರಾಣಗಳು. ಇವುಗಳಲ್ಲಿ ಏಕೇಂದ್ರಿಯ ಜೀವಕ್ಕೆ ನಾಲ್ಕು ಮಾತ್ರ ಇವೆ. ಆ ನಾಲ್ಕರಲ್ಲಿ ಶ್ವಾಸೋಚ್ಛ್ವಾಸವೂ ಒಂದು. ಮರಗಿಡಗಳಿಂದ ಮನುಷ್ಯನವರೆಗೆ ಜೀವರಾಶಿಯೆಲ್ಲಕ್ಕೂ ಸಾಮಾನ್ಯವಾದ ಪ್ರಾಣ ಅದು. ಪ್ರಮಾದಕ್ಕೆ ವಶವಾದ ಮನ ವಚನ ಕಾಯಗಳಿಂದ ಜೀವಿಯ ಪ್ರಾಣಗಳನ್ನು ನೋಯಿಸುವುದೇ ಹಿಂಸೆ ಎಂಬುದು ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರವು ಕೊಡುವ ಲಕ್ಷಣದ ತಾತ್ಪರ್ಯ. ಹೀಗಿರುವಾಗ ಪ್ರಾಣವೊಂದನ್ನು ಅಳತೆಗೋಸ್ಕರ ಕಿತ್ತು ನೋಡುವ ಈ ದೃಶ್ಯವು ಶ್ರಾವಕರ ವಿಚಾರಕ್ಕೆ ನೇರವಾಗಿ ಒಳಪಡುತ್ತದೆ.

ಚಿತ್ರದ ಹಿಂದೆ ನೂರು ವರ್ಷಗಳ ಇತಿಹಾಸವಿತ್ತು. ರಾಬರ್ಟ್ ಬಾಯ್ಲ್ ಎಂಬ ವಿಜ್ಞಾನಿ ರಾಬರ್ಟ್ ಹುಕ್‌ನ ನೆರವಿನಿಂದ ಇಂಥ ಯಂತ್ರವನ್ನು ಮಾಡಿಸಿ, 1660ರಲ್ಲಿ ತನ್ನ ಪ್ರಯೋಗಗಳ ಗ್ರಂಥವನ್ನು ಪ್ರಕಟಿಸಿದನು. ಲಾರ್ಕ್ ಎಂಬ ಸಣ್ಣ ಹಾಡುಹಕ್ಕಿ, ಗುಬ್ಬಿ, ಇಲಿ ಇವುಗಳನ್ನು ಗೋಳದಲ್ಲಿಟ್ಟು ಗಾಳಿ ತೆಗೆದಾಗ ಅವು ತತ್ತರಿಸಿ ಬಿದ್ದ ಬಗೆಯನ್ನು ಅವನು ಅದರಲ್ಲಿ ಬರೆದಿದ್ದಾನೆ. ಒಮ್ಮೆ ನೋಡಲು ಬಂದಿದ್ದ ಸ್ತ್ರೀಯರು ಕನಿಕರಗೊಂಡು ಗಾಳಿಯನ್ನು ಬಿಡಿಸಿ ಹಕ್ಕಿಯನ್ನು ಉಳಿಸಿದರಂತೆ. ಅಂಥ ಅಡ್ಡಿಯನ್ನು ತಪ್ಪಿಸಲು ಮುಂದೆ ಆ ಪ್ರಯೋಗವನ್ನು ರಾತ್ರಿಯ ಹೊತ್ತು ಮಾಡಲಾಯಿತಂತೆ. ಈ ಸಂಗತಿಯನ್ನು ಮರೆಯಬಾರದು. ದಯೆಯನ್ನು ಕೋಣೆಯಿಂದ ಹೊರಗಿಡುವ ವ್ಯವಸ್ಥೆಯು ಈ ಶಾಸ್ತ್ರದ ಬಾಲ್ಯದಲ್ಲಿಯೇ ಮೊದಲಾಯಿತು.

ಹುಕ್‌ನ ಕಥೆ ಇನ್ನೂ ವಿಚಾರಾರ್ಹವಾದುದು. 1664ರಲ್ಲಿ ಅವನು ಜೀವಂತ ನಾಯಿಯೊಂದರ ಎದೆಯನ್ನು ತೆರೆದು, ತಿದಿಯಿಂದ ಗಾಳಿಯೂದಿ ಅದನ್ನು ಬಹಳ ಹೊತ್ತು ಬದುಕಿಸಿಟ್ಟನು. ಆ ಪ್ರಾಣಿ ಪಟ್ಟ ಯಾತನೆಯಿಂದ ನೊಂದು, ಇಂಥ ಪ್ರಯೋಗವನ್ನು ಮತ್ತೆ ಮಾಡಲು ಮನಸ್ಸೊಪ್ಪದೆಂದು ಬಾಯ್ಲ್‌ಗೆ ಕಾಗದ ಬರೆದನು. ಆದರೂ 1667ರಲ್ಲಿ ರಾಯಲ್ ಸೊಸೈಟಿಯ ಸದಸ್ಯರ ಮುಂದೆ ಅದು ಮರಳಿ ನಡೆಯಿತು. ಶ್ವಾಸಕೋಶವು ಅಲುಗಾಡದಿದ್ದರೂ ಹೊಸ ಗಾಳಿ ಎಡೆಬಿಡದೆ ಒದಗುತ್ತಿದ್ದರೆ ಜೀವ ಉಳಿಯುತ್ತದೆಂಬ ಸತ್ಯ ಅದರಿಂದ ಹೊರಬಂತು. ಇಂದು ತೀವ್ರನಿಗಾ ಘಟಕದ ವೆಂಟಿಲೇಟರ್ ಯಂತ್ರದ ಹಿಂದೆ ಇರುವ ತಿಳಿವಳಿಕೆಯ ಒಂದು ಬೇರು ಅಲ್ಲಿದೆ. ಈ ವಿದ್ಯೆಯಿಂದ ಏನೂ ಲಭಿಸಲಿಲ್ಲವೆಂದು ವಾದಿಸುವುದು ಸತ್ಯವ್ರತಕ್ಕೆ ಒಪ್ಪುವ ಮಾತಾಗದು.

ಇನ್ನು ಚಿತ್ರದಲ್ಲಿರುವ ಹತ್ತು ಜನರನ್ನು ನೋಡಬೇಕು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಗೃಹಸ್ಥನ ಅಹಿಂಸಾಣುವ್ರತವನ್ನು ವಿವರಿಸುವಾಗ, ತ್ರಸಜೀವಿಗಳನ್ನು ಸಂಕಲ್ಪಪೂರ್ವಕವಾಗಿ ಕೊಲ್ಲದಿರುವುದನ್ನು ಕೃತ, ಕಾರಿತ, ಅನುಮೋದನ ಎಂಬ ಮೂರೂ ಬಗೆಗಳಿಗೆ ಅನ್ವಯಿಸಿದ್ದಾರೆ. ತಾನು ಮಾಡುವುದು, ಮಾಡಿಸುವುದು, ಮಾಡಿದುದಕ್ಕೆ ಸಮ್ಮತಿಸುವುದು — ಮೂರರಲ್ಲೂ ಬಂಧವಿದೆ. ರೈಟ್‌ಗೆ ಈ ಶಾಸ್ತ್ರದ ಪರಿಚಯವಿರಲು ಸಾಧ್ಯವಿರಲಿಲ್ಲ. ಆದರೂ ಅವನ ಕುಂಚವು ಈ ವಿಭಾಗವನ್ನೇ ಚಿತ್ರಿಸಿದಂತಿದೆ.

ಬಿರಡೆಯ ಮೇಲೆ ಕೈಯಿಟ್ಟಿರುವ ನೀಳಗೂದಲಿನ ಉಪನ್ಯಾಸಕನು ಮಾಡುವವನು. ಬಲಗಡೆ ಇಬ್ಬರು ಹೆಣ್ಣುಮಕ್ಕಳ ಬಳಿ ನಿಂತು, ಒಬ್ಬಳನ್ನು ಸಂತೈಸುತ್ತ ಹಕ್ಕಿಯ ಕಡೆಗೆ ಬೆರಳು ತೋರಿಸುತ್ತಿರುವ ಗೃಹಸ್ಥನು ಆ ಮಕ್ಕಳ ತಂದೆಯಂತೆ ಕಾಣುತ್ತಾನೆ. ಆ ಕಾಲದಲ್ಲಿ ಸಂಚಾರಿ ಉಪನ್ಯಾಸಕರನ್ನು ಹಣಕೊಟ್ಟು ಮನೆಗೆ ಕರೆಸಿಕೊಳ್ಳುವ ರೂಢಿಯಿತ್ತು; ಇವನನ್ನು ಮಾಡಿಸಿದವನೆಂದು ತಿಳಿಯಬಹುದು. ಎಡಗಡೆ ಕುಳಿತ ಯುವಕನೊಬ್ಬ ಜೇಬುಗಡಿಯಾರವನ್ನು ಹಿಡಿದು ಕ್ಷಣಗಳನ್ನೆಣಿಸುತ್ತಿದ್ದಾನೆ. ಅವನಲ್ಲಿ ದ್ವೇಷವಿಲ್ಲ, ದಯೆಯೂ ಇಲ್ಲ, ಲೆಕ್ಕವಿದೆ. ಪಕ್ಕದ ಹುಡುಗ ಕುತೂಹಲದಿಂದ ಕತ್ತೆತ್ತಿದ್ದಾನೆ. ಇನ್ನೊಂದು ಮೂಲೆಯಲ್ಲಿ ಯುವಕಯುವತಿಯರ ಜೋಡಿಯೊಂದು ಪರಸ್ಪರ ನೋಟದಲ್ಲಿ ಮೈಮರೆತಿದೆ; ಹಕ್ಕಿ ಸಾಯುತ್ತಿರುವುದು ಅವರ ಗಮನಕ್ಕೇ ಬಂದಿಲ್ಲ. ಶಾಸ್ತ್ರ ಹೇಳುವ ಪ್ರಮಾದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ದೊರೆಯುವುದು ಕಷ್ಟ. ಮುದುಕನೊಬ್ಬ ಊರುಗೋಲಿನ ಮೇಲೆ ಕೈಯಿಟ್ಟು ಮೇಜಿನ ಪಾತ್ರೆಯನ್ನೇ ದಿಟ್ಟಿಸುತ್ತಿದ್ದಾನೆ. ಕಿಟಕಿಯ ಬಳಿ ಪಂಜರದ ಹಗ್ಗ ಹಿಡಿದ ಹುಡುಗನೊಬ್ಬನಿದ್ದಾನೆ; ಹಕ್ಕಿ ಮರಳಿ ಬರಲೆಂದು ಅವನು ಪಂಜರವನ್ನು ಇಳಿಸುತ್ತಿರುವನೋ, ಇನ್ನು ಬೇಕಿಲ್ಲವೆಂದು ಮೇಲೆತ್ತುತ್ತಿರುವನೋ ತಿಳಿಯುವಂತಿಲ್ಲ. ಇಬ್ಬರು ಹುಡುಗಿಯರಲ್ಲಿ ಒಬ್ಬಳು ಕಣ್ಣು ಮುಚ್ಚಿಕೊಂಡಿದ್ದಾಳೆ. ಕಿರಿಯಳು ಭಯಪಟ್ಟರೂ ಹಕ್ಕಿಯಿಂದ ಕಣ್ಣು ಕೀಳದೆ ನೋಡುತ್ತಿದ್ದಾಳೆ. ಹತ್ತು ಜನರಲ್ಲಿ ಹಕ್ಕಿಯ ನೋವನ್ನು ನೋವೆಂದು ನೋಡುತ್ತಿರುವವಳು ಅವಳೊಬ್ಬಳೇ.

ಉಪನ್ಯಾಸಕನ ದೃಷ್ಟಿಯಾದರೋ ಆ ಹತ್ತು ಮಂದಿಯಲ್ಲಿ ಯಾರ ಮೇಲೂ ಇಲ್ಲ. ಅವನು ಚಿತ್ರದ ಹೊರಗೆ ನಿಂತ ಪ್ರೇಕ್ಷಕನನ್ನು ನೇರವಾಗಿ ನೋಡುತ್ತಾನೆ. ಹೀಗೆ ನೋಡುವವನು ಆ ಸಭೆಯ ಹನ್ನೊಂದನೆಯ ಸದಸ್ಯನಾಗುತ್ತಾನೆ. ಅನುಮೋದನದ ಪ್ರಶ್ನೆ ಅವನ ಪಾಲಿಗೆ ಬರುತ್ತದೆ. ಚಿತ್ರದ ನೈತಿಕ ಬಲವೆಲ್ಲ ಈ ಒಂದು ನೋಟದಲ್ಲಿದೆ.

ಆದರೂ ಕೃತಿಯ ದೋಷಗಳನ್ನು ಹೇಳದೆ ಬಿಡಬಾರದು. ಮೊದಲನೆಯದಾಗಿ, ಆ ಕಾಲದ ಇಂಗ್ಲೆಂಡಿನಲ್ಲಿ ಕಾಕಟೂ ಅತಿ ದುರ್ಲಭವಾದ, ಬೆಲೆಬಾಳುವ ಹಕ್ಕಿ. ಇಂಥ ಪ್ರದರ್ಶನಗಳಲ್ಲಿ ಸಾಯುತ್ತಿದ್ದುದು ಸಾಮಾನ್ಯ ಜಾತಿಯ ಹಕ್ಕಿ, ಇಲಿಗಳು. ನೋಡುವವರ ಕನಿಕರವನ್ನು ಕೆರಳಿಸಲು ಚಿತ್ರಕಾರನು ಬೆಲೆಯುಳ್ಳ ಹಕ್ಕಿಯನ್ನು ಆರಿಸಿಕೊಂಡಂತಿದೆ. ಬೆಲೆಯನ್ನು ನೋಡಿ ಏಳುವ ಕನಿಕರ ಜೀವದಯೆಯಾಗಲಾರದು. ಎರಡನೆಯದಾಗಿ, ಹಕ್ಕಿ ಬದುಕುವುದೋ ಸಾಯುವುದೋ ಎಂಬ ಕಾತರವನ್ನು ಚಿತ್ರವು ಹುಟ್ಟಿಸುತ್ತದೆ. ಅದನ್ನು ಗೋಳದೊಳಗೆ ಇಡಬಹುದಾಗಿತ್ತೇ ಎಂಬ ಪ್ರಶ್ನೆ ಆ ಕಾತರದಲ್ಲಿ ಮರೆಯಾಗುತ್ತದೆ. ಮೂರನೆಯ ದೋಷ ಹೆಚ್ಚು ಸೂಕ್ಷ್ಮವಾದುದು. ಬತ್ತಿಯ ಮುಂದಿನ ಪಾತ್ರೆಯಲ್ಲಿ ಹಲವರು ತಲೆಬುರುಡೆಯೊಂದನ್ನು ಗುರುತಿಸಿದ್ದಾರೆ. ಮುದುಕನು ಧ್ಯಾನಿಸುತ್ತಿರುವುದು ಜೀವಿತದ ಕ್ಷಣಿಕತೆಯನ್ನು ಎಂದು ವ್ಯಾಖ್ಯಾನಿಸಿದ್ದಾರೆ. ಅನಿತ್ಯಾನುಪ್ರೇಕ್ಷೆ ಜೈನರಿಗೆ ಹೊಸದಲ್ಲ. ಹನ್ನೆರಡು ಭಾವನೆಗಳಲ್ಲಿ ಅದು ಮೊದಲನೆಯದು. ಆದರೆ ಎಲ್ಲರೂ ಒಂದು ದಿನ ಸಾಯುವರೆಂಬ ಸತ್ಯವನ್ನು ಚಿಂತಿಸುವುದು ಒಂದು. ಎದುರಿಗೆ ಒಬ್ಬನು ಒಂದು ಜೀವವನ್ನು ಕೊಲ್ಲುತ್ತಿರುವಾಗ ಆ ಸತ್ಯವನ್ನು ನೆನೆದು ಸುಮ್ಮನಿರುವುದು ಇನ್ನೊಂದು. ವೈರಾಗ್ಯದ ಸೋಗಿನಲ್ಲಿ ಬರುವ ಈ ಔದಾಸೀನ್ಯವನ್ನು ಚಿತ್ರವು ಗಾಂಭೀರ್ಯವೆಂಬಂತೆ ತೋರಿಸುತ್ತದೆ.

ಚಿತ್ರವು ತೋರಿಸದಿರುವ ಒಂದು ಮುಖ್ಯ ಸಂಗತಿಯಿದೆ. ಅದು ರಚಿತವಾಗುವ ಎಂಟು ವರ್ಷ ಮೊದಲೇ, 1760ರಲ್ಲಿ, ಜೇಮ್ಸ್ ಫರ್ಗ್ಯುಸನ್ ಎಂಬ ಪ್ರಸಿದ್ಧ ಉಪನ್ಯಾಸಕನು ತನ್ನ ಪುಸ್ತಕದಲ್ಲಿ ಈ ಪ್ರಯೋಗವು ಲೇಶವಾದರೂ ಮಾನವೀಯತೆಯುಳ್ಳ ಪ್ರೇಕ್ಷಕನಿಗೆ ಸಹಿಸಲಾಗದ್ದೆಂದು ಹೇಳಿದ್ದನು. ಪ್ರಾಣಿಯ ಬದಲು, ಶ್ವಾಸಕೋಶದಂತೆ ಉಬ್ಬಿ ಕುಗ್ಗುವ ಚೀಲವುಳ್ಳ ಗಾಜಿನ ಸಾಧನವೊಂದನ್ನು ಅವನು ಬಳಸುತ್ತಿದ್ದನು. ಗಾಳಿಯ ಒತ್ತಡಕ್ಕೂ ಶ್ವಾಸಕ್ಕೂ ಇರುವ ಸಂಬಂಧವನ್ನು ಅದು ಚೆನ್ನಾಗಿ ತೋರಿಸುತ್ತಿತ್ತು. ಎಂದರೆ ರೈಟ್ ಕುಂಚ ಹಿಡಿದಾಗಲೇ ಹಕ್ಕಿಯ ಸಾವು ಅನಾವಶ್ಯಕವಾಗಿತ್ತು. ಬದಲಿ ಮಾರ್ಗಗಳು ಇತ್ತೀಚಿನ ಸುಧಾರಕರ ಕಲ್ಪನೆಯೆಂಬ ಮಾತಿಗೆ ಇತಿಹಾಸದ ಆಧಾರವಿಲ್ಲ.

ಬದಲಿಯ ಪ್ರಶ್ನೆ ಬಂದಾಗ ಕನ್ನಡ ಓದುಗರಿಗೆ ಜನ್ನನು 1209ರಲ್ಲಿ ಬರೆದ ಯಶೋಧರ ಚರಿತೆಯ ಸ್ಮರಣೆಯಾಗುವುದು ಸಹಜ. ತಾಯಿಯ ಒತ್ತಾಯವನ್ನು ಪೂರ್ತಿ ಮೀರಲಾರದೆ ಯಶೋಧರನು ಜೀವಂತ ಪಶುವಿನ ಬದಲು ಹಿಟ್ಟಿನ ಕೋಳಿಯನ್ನು ಬಲಿಕೊಟ್ಟನು. ಅಲ್ಲಿ ನಿಜವಾದ ಕೋಳಿ ಸಾಯಲಿಲ್ಲ. ಆದರೆ ಕತ್ತಿಯೆತ್ತುವಾಗ ಕೊಲ್ಲುವ ಸಂಕಲ್ಪ ಹಾಗೆಯೇ ಉಳಿದಿತ್ತು. ಆ ಭಾವಹಿಂಸೆಯ ಫಲವಾಗಿ ತಾಯಿಮಗ ಇಬ್ಬರೂ ತಿರ್ಯಂಚ ಯೋನಿಗಳಲ್ಲಿ ಭವಭವ ತೊಳಲಿದರು. ಫರ್ಗ್ಯುಸನ್ನನ ಚೀಲವೂ ಒಂದು ಬದಲಿಯೇ. ಆದರೆ ಎರಡಕ್ಕೂ ಅಂತರವಿದೆ. ಹಿಟ್ಟಿನ ಕೋಳಿ ಕೊಲೆಯ ಅನುಕರಣೆ. ಗಾಜಿನ ಸಾಧನ ಉಸಿರಾಟದ ಅನುಕರಣೆ. ಮೊದಲನೆಯದರಲ್ಲಿ ಕೊಲ್ಲುವ ಇಚ್ಛೆ ಉಳಿದು ವಸ್ತು ಮಾತ್ರ ಬದಲಾಯಿತು. ಎರಡನೆಯದರಲ್ಲಿ ತಿಳಿಯುವ ಇಚ್ಛೆ ಉಳಿದು ಕೊಲ್ಲುವುದೇ ಬಿಟ್ಟುಹೋಯಿತು. ಯಾವುದೇ ಬದಲಿ ಮಾರ್ಗವನ್ನು ಈ ಒರೆಗಲ್ಲಿಗೆ ಹಚ್ಚಿ ನೋಡಬಹುದು.

ಒರೆಗಲ್ಲು ಇಲ್ಲಿಗೆ ಮುಗಿಯುವುದಿಲ್ಲ. ಆ ಚೀಲವು ಪ್ರಾಣಿಯೊಂದರ ಮೂತ್ರಕೋಶದಿಂದ ಮಾಡಿದುದಾಗಿತ್ತು. ಇಂದಿನ ಪ್ರಯೋಗಾಲಯದಲ್ಲಿಯೂ ಇದೇ ಬಗೆಯ ತೊಡಕಿದೆ. ಪ್ರಾಣಿಯ ಬದಲು ಜೀವಕೋಶಗಳನ್ನು ಬೆಳೆಸಿ ಪರೀಕ್ಷಿಸುವ ಕ್ರಮದಲ್ಲಿ, ಕೋಶಗಳಿಗೆ ಪೋಷಣೆಯಾಗಿ ಬಹುಕಾಲದಿಂದ ಬಳಕೆಯಲ್ಲಿರುವುದು ವಧೆಯಾದ ಹಸುವಿನ ಗರ್ಭದ ಕರುವಿನ ರಕ್ತದಿಂದ ತೆಗೆದ ಸೀರಮ್. ಸೀರಮ್ ಬೇಡದ ಪೋಷಕದ್ರವಗಳೂ ಈಗ ದೊರೆಯುತ್ತವೆ. ‘ಪ್ರಾಣಿರಹಿತ’ ಎಂಬ ಪದವನ್ನು ಓದಿ ತೃಪ್ತರಾಗುವವರು ಈ ವಿವರವನ್ನು ಕೇಳಿ ತಿಳಿಯಬೇಕು.

ರೈಟ್‌ನ ಗಾಜಿನ ಗೋಳಕ್ಕೆ ಇಂದಿನ ಶ್ವಾಸಸಂಶೋಧನೆಯಲ್ಲಿ ಒಂದು ಸಂತತಿಯಿದೆ. ಅದು ಮುಚ್ಚಿದ ಪಾರದರ್ಶಕ ಪೆಟ್ಟಿಗೆ. ಇಲಿ ಅದರಲ್ಲಿ ಓಡಾಡಿಕೊಂಡಿರುವಾಗ, ಉಸಿರಿನಿಂದ ಉಂಟಾಗುವ ಸೂಕ್ಷ್ಮ ಒತ್ತಡದ ಏರಿಳಿತವನ್ನು ಯಂತ್ರವು ಗುರುತಿಸುತ್ತದೆ. ಈ ಕ್ರಮವನ್ನು 1955ರಲ್ಲಿ ಡ್ರೋರ್‌ಬಾ ಮತ್ತು ಫೆನ್ ಎಂಬುವರು ನವಜಾತ ಶಿಶುಗಳ ಉಸಿರನ್ನು ನೋವಿಲ್ಲದೆ ಅಳೆಯುವುದಕ್ಕಾಗಿ ವಿವರಿಸಿದರು. ಅಳತೆ ಮಾತ್ರವಾದರೆ ಅದರಲ್ಲಿ ಹಿಂಸೆ ಅಲ್ಪ. ಹಿಂಸೆ ಇರುವುದು ಅದರ ಹಿಂದುಮುಂದೆ. ಮೊಟ್ಟೆಯ ಪ್ರೋಟೀನನ್ನು ಚುಚ್ಚಿ ಇಲಿಗೆ ಉಬ್ಬಸದಂಥ ರೋಗವನ್ನು ಬರಿಸುವುದು, ಶ್ವಾಸನಾಳ ಬಿಗಿಯುವ ಔಷಧವನ್ನು ಉಸಿರಿಸುವುದು, ಕೊನೆಗೆ ಶ್ವಾಸಕೋಶವನ್ನು ನೋಡಲು ಕೊಲ್ಲುವುದು — ಇವು ಸಾಮಾನ್ಯ ಕ್ರಮದ ಅಂಗಗಳು. ರಾಸಾಯನಿಕಗಳ ವಿಷಶಕ್ತಿಯನ್ನು ತಿಳಿಯುವ ಪರೀಕ್ಷೆಗಳಲ್ಲಿ ಇಲಿಗಳಿಗೆ ವಿಷಾನಿಲವನ್ನು ಸಾಮಾನ್ಯವಾಗಿ ನಾಲ್ಕು ಗಂಟೆಗಳ ಕಾಲ ಉಸಿರಿಸಿ, ಹದಿನಾಲ್ಕು ದಿನ ಗಮನಿಸುತ್ತಾರೆ. ಈಗ ಆ ಕೋಣೆಯಲ್ಲಿ ಅಳುವ ಬಾಲಕಿಯಿಲ್ಲ. ಗಡಿಯಾರ ಹಿಡಿದ ಯುವಕನು ಮಾತ್ರ ಇದ್ದಾನೆ.

ಇದರ ಫಲವನ್ನೂ ತೂಗಿ ನೋಡಬೇಕು. ಇಲಿಯು ಮೂಗಿನಿಂದ ಮಾತ್ರ ಉಸಿರಾಡುವ ಪ್ರಾಣಿ. ನಿಮಿಷಕ್ಕೆ ನೂರಕ್ಕೂ ಹೆಚ್ಚು ಬಾರಿ ಉಸಿರಾಡುತ್ತದೆ. ಮನುಷ್ಯನಂತೆ ಅದಕ್ಕೆ ಉಬ್ಬಸ ತಾನಾಗಿ ಬರುವುದಿಲ್ಲ. ಅದರ ಶ್ವಾಸಕೋಶ ಹೇಳುವ ಉತ್ತರ ಮನುಷ್ಯನಿಗೆ ಯಾವಾಗಲೂ ಹೊಂದುವುದಿಲ್ಲ. ಇನ್ನೊಂದು ಕಡೆ, ಉಸಿರಾಟವನ್ನು ಮುಖ್ಯವಾಗಿ ನಿಯಂತ್ರಿಸುವುದು ಇಂಗಾಲದ ಡೈಆಕ್ಸೈಡ್ ಎಂಬ ಮಹತ್ತ್ವದ ಸತ್ಯವನ್ನು ಜಾನ್ ಸ್ಕಾಟ್ ಹಾಲ್ಡೇನ್ ಮತ್ತು ಪ್ರೀಸ್ಟ್ಲಿ 1905ರಲ್ಲಿ ತಮ್ಮ ಸ್ವಂತ ಉಸಿರನ್ನು ಪರೀಕ್ಷಿಸಿಯೇ ಸ್ಥಾಪಿಸಿದರು. ಅದೇ ಹಾಲ್ಡೇನ್ 1908ರ ಸುಮಾರಿಗೆ ಮುಳುಗುಗಾರರ ರಕ್ಷಣೆಗಾಗಿ ಮೇಕೆಗಳ ಮೇಲೆ ಒತ್ತಡದ ಪ್ರಯೋಗಗಳನ್ನೂ ನಡೆಸಿದನು. ರಕ್ತದ ಆಮ್ಲಜನಕವನ್ನು ಅರಿಯುವ ಕತ್ತಿನ ಅಂಗವನ್ನು ನಾಯಿಗಳ ಮೇಲಿನ ಪ್ರಯೋಗಗಳಿಂದ ಗುರುತಿಸಿದ ಹೇಮಾನ್ಸ್‌ಗೆ 1938ರ ನೊಬೆಲ್ ಪಾರಿತೋಷಕ ಸಂದಿತು. ಎರಡು ದಾರಿಗಳೂ ಜ್ಞಾನಕ್ಕೆ ಒಯ್ದಿವೆ. ತನ್ನ ದೇಹವನ್ನು ತಾನೇ ಒಪ್ಪಿಸಿದವನ ದಾರಿಗೂ, ಒಪ್ಪಿಗೆ ಕೊಡಲಾರದ ಜೀವಿಯನ್ನು ಹಿಡಿದು ಕಟ್ಟಿದವನ ದಾರಿಗೂ ಇರುವ ವ್ಯತ್ಯಾಸ ಫಲದಿಂದ ಅಳಿಸಿಹೋಗುವುದಿಲ್ಲ.

ಒಂದನ್ನು ಕೊಂದು ಹಲವನ್ನು ಉಳಿಸಬಹುದಲ್ಲವೇ ಎಂಬ ಆಕ್ಷೇಪ ಹಳೆಯದು. ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಇದನ್ನು ಎತ್ತಿಕೊಂಡಿದ್ದಾರೆ. ಅನೇಕ ಜೀವಗಳು ಉಳಿಯುವವೆಂಬ ನೆಪದಿಂದ ಹಿಂಸ್ರಪ್ರಾಣಿಯನ್ನು ಕೊಲ್ಲುವುದನ್ನೂ, ದುಃಖಪಡುವ ಜೀವಿಯನ್ನು ಬಿಡುಗಡೆಯ ನೆಪದಿಂದ ಕೊಲ್ಲುವುದನ್ನೂ ಅವರು ಸ್ಪಷ್ಟವಾಗಿ ನಿರಾಕರಿಸಿದ್ದಾರೆ. ಹಲವರಿಗೆ ಕೇಡು ಮಾಡುವ ಪ್ರಾಣಿಗೇ ಆ ನಿಷೇಧವಿರುವಾಗ, ಯಾರಿಗೂ ಕೇಡು ಮಾಡದೆ ಪಂಜರದಲ್ಲಿ ಹುಟ್ಟಿದ ಇಲಿಗೆ ವಿನಾಯಿತಿಯ ನೆಪ ಎಲ್ಲಿಂದ ಬಂದೀತು? ಸಂಜ್ಞಿ ಪಂಚೇಂದ್ರಿಯವಾದ ಇಲಿಗೂ ಹತ್ತು ಪ್ರಾಣಗಳೇ. ಭಾರತದ 1960ರ ಪ್ರಾಣಿಹಿಂಸಾ ತಡೆ ಅಧಿನಿಯಮವು ಪ್ರಯೋಗಗಳನ್ನು ನಿಷೇಧಿಸಿಲ್ಲ. ತಪ್ಪಿಸಬಹುದಾದಲ್ಲಿ ತಪ್ಪಿಸಬೇಕೆಂದೂ, ಸಣ್ಣ ಪ್ರಾಣಿಗಳಿಂದ ಸಾಧ್ಯವಾದಲ್ಲಿ ದೊಡ್ಡವನ್ನು ಬಳಸಬಾರದೆಂದೂ ಹೇಳುತ್ತದೆ. ಕಾನೂನು ಇಲ್ಲಿ ಗಾತ್ರವನ್ನು ಅಳೆಯುತ್ತದೆ. ಆಗಮವು ಪ್ರಾಣಗಳನ್ನು ಎಣಿಸುತ್ತದೆ.

ಹಾಗೆಂದು ರೋಗಿಯ ಹಾಸಿಗೆಯ ಬಳಿ ನಿಂತು ಈ ತರ್ಕವನ್ನು ಕಠೋರವಾಗಿ ಆಡುವುದು ಧರ್ಮವಲ್ಲ. ಅವಧಿಗೆ ಮುನ್ನ ಹುಟ್ಟಿದ ಶಿಶುವಿನ ಶ್ವಾಸಕೋಶ ಅರಳಲು ಕೊಡುವ ಔಷಧದ್ರವವನ್ನು ಹಲವೆಡೆ ದನ ಅಥವಾ ಹಂದಿಯ ಶ್ವಾಸಕೋಶದಿಂದ ತೆಗೆಯುತ್ತಾರೆ. ಮಗು ಉಸಿರಿಗಾಗಿ ಒದ್ದಾಡುವಾಗ ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕುವ ತಂದೆಯಲ್ಲಿ ಕೊಲ್ಲುವ ಸಂಕಲ್ಪವಿಲ್ಲ. ಆದರೆ ಮಗು ಬದುಕಿ ಮನೆಗೆ ಬಂದ ಮೇಲೆ, ಆ ಉಸಿರು ಯಾವ ಉಸಿರುಗಳ ಋಣವೆಂದು ಒಮ್ಮೆಯೂ ಕೇಳದಿರುವುದು ಪ್ರಮಾದ. ಸಂಕಟದ ಹೊತ್ತಿನಲ್ಲಿ ಎತ್ತಲಾಗದ ಪ್ರಶ್ನೆಯನ್ನು ನೆಮ್ಮದಿಯ ಹೊತ್ತಿನಲ್ಲಿ ಎತ್ತಬೇಕಾದುದು ಸಮಾಜದ ಕರ್ತವ್ಯ.

ಅದಕ್ಕೆ ಎಡೆಯೂ ಇದೆ. ಪ್ರಾಣಿಪ್ರಯೋಗ ನಡೆಸುವ ಪ್ರತಿ ಸಂಸ್ಥೆಯಲ್ಲಿ ನೈತಿಕ ಸಮಿತಿಯೊಂದು ಇರಬೇಕೆಂದೂ, ಅದರಲ್ಲಿ ವಿಜ್ಞಾನಿಯಲ್ಲದ, ಸಾಮಾಜಿಕ ಪ್ರಜ್ಞೆಯುಳ್ಳ ಸದಸ್ಯರೊಬ್ಬರು ಇರಬೇಕೆಂದೂ ಭಾರತದಲ್ಲಿ ನಿಯಮವಿದೆ. ರೈಟ್‌ನ ಕೋಣೆಯಲ್ಲಿ ಕಣ್ಣು ಕೀಳದೆ ನೋಡಿದ ಬಾಲಕಿಗೆ ಕಾನೂನು ಕೊಟ್ಟ ಕುರ್ಚಿ ಅದು. ಅಲ್ಲಿ ಕುಳಿತವರು ಕಾಗದವನ್ನು ಓದದೆ ಸಹಿ ಹಾಕಿದರೆ ಅದು ಅನುಮೋದನ. ಓದಿ, ಬದಲಿ ಮಾರ್ಗವನ್ನು ಕೇಳಿ, ಪ್ರಾಣಿಗಳ ಸಂಖ್ಯೆಗೆ ಕಾರಣ ಕೇಳಿದರೆ ಅದು ವ್ರತಪಾಲನೆ. ಕೇಳುವುದಕ್ಕೆ ಆಧಾರವೂ ಇದೆ. ಮಾನವ ಶ್ವಾಸಕೋಶದ ಕೋಶಗಳನ್ನು ಸಣ್ಣ ಬಿಲ್ಲೆಯಲ್ಲಿ ಬೆಳೆಸಿ ಉಸಿರಾಟದಂತೆ ಹಿಗ್ಗಿಸಿ ಕುಗ್ಗಿಸುವ ಸಾಧನವನ್ನು ಹಾರ್ವರ್ಡ್‌ನ ಸಂಶೋಧಕರು 2010ರಲ್ಲಿ ಪ್ರಕಟಿಸಿದರು. 2022ರ ಡಿಸೆಂಬರಿನಲ್ಲಿ ಅಮೆರಿಕದ ಕಾನೂನೂ, 2023ರಲ್ಲಿ ಭಾರತದ ಹೊಸ ಔಷಧಗಳ ನಿಯಮಗಳೂ ತಿದ್ದುಪಡಿಯಾಗಿ, ಪ್ರಾಣಿಗಳಿಲ್ಲದ ಪರೀಕ್ಷೆಗಳ ಫಲಿತಾಂಶಕ್ಕೆ ಮಾನ್ಯತೆಯ ದಾರಿ ತೆರೆದಿದೆ.

ಜೈನ ಟ್ರಸ್ಟುಗಳು ತಲೆತಲಾಂತರದಿಂದ ಔಷಧಾಲಯಗಳಿಗೂ ವಿದ್ಯಾಲಯಗಳಿಗೂ ಉದಾರವಾಗಿ ದ್ರವ್ಯ ಕೊಡುತ್ತ ಬಂದಿವೆ. ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ದಾನಗಳಲ್ಲಿ ಒಂದು ಇನ್ನೊಂದನ್ನು ಕೆಡಿಸಬಾರದು. ಔಷಧದಾನದ ಹಣ ಹರಿಯುವ ಕಡೆ ಅಭಯದಾನಕ್ಕೆ ಭಂಗ ಬರುತ್ತಿದೆಯೇ ಎಂದು ದೇಣಿಗೆಯ ಠರಾವು ಬರೆಯುವ ಮೊದಲು ಕೇಳುವುದು ಕಷ್ಟದ ಕೆಲಸವಲ್ಲ. ಸಂಸ್ಥೆಯಲ್ಲಿ ಪ್ರಾಣಿಗಳ ಬಳಕೆಯಿದೆಯೇ, ಎಷ್ಟು, ಯಾವುದಕ್ಕೆ, ಬದಲಿಯನ್ನು ಹುಡುಕಲಾಗಿದೆಯೇ — ಈ ನಾಲ್ಕು ಪ್ರಶ್ನೆಗಳಿಗೆ ಲಿಖಿತ ಉತ್ತರ ಪಡೆದು, ಬದಲಿ ಮಾರ್ಗಗಳ ಸಂಶೋಧನೆಗೆಂದು ದೇಣಿಗೆಯ ಒಂದು ಭಾಗವನ್ನು ಮೀಸಲಿಟ್ಟರೆ, ಕರೆಸಿದ ಗೃಹಸ್ಥನ ಸ್ಥಾನದಿಂದ ಸಮಾಜವು ಒಂದು ಹೆಜ್ಜೆ ಹಿಂದೆ ಸರಿದಂತಾಗುತ್ತದೆ. ರೈಟ್‌ನ ಚಿತ್ರದಲ್ಲಿ ಪ್ರಯೋಗಕಾರನ ಕೈ ಎರಡೂವರೆ ಶತಮಾನಗಳಿಂದ ಬಿರಡೆಯ ಮೇಲೆಯೇ ಇದೆ. ಅದನ್ನು ತಿರುಗಿಸೆಂದು ಹೇಳುವ ಮಾತು ಆ ಕೋಣೆಯಲ್ಲಿ ಯಾರ ಬಾಯಿಂದಲೂ ಬರಲಿಲ್ಲ. ಅದನ್ನು ಹೇಳಬೇಕಾದವರು ಚಿತ್ರವನ್ನು ನೋಡುತ್ತ ನಿಂತವರೇ.